ನರಸಾಪುರದಲ್ಲಿ ಗೇಟು ಅದೇ, ಬೋರ್ಡು ಬೇರೆ: ಸರ್ಕಾರದ ಹೂಡಿಕೆ ನೀತಿಯಿಂದ ಕಂಪನಿಗೆಷ್ಟು, ನಮ್ಮ ತಾಲ್ಲೂಕಿಗೆಷ್ಟು?

ಕೋಲಾರ: 2026ರ ಮಾರ್ಚ್ 31 ಒಂದು ಗಡುವಿನ ದಿನ. ಮೊಬೈಲ್ ತಯಾರಿಕೆಗೆ ಕೇಂದ್ರ ಸರ್ಕಾರ ಕೊಟ್ಟ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ, ಅಂದರೆ ಎಲ್ಲರ ಬಾಯಲ್ಲಿ ಪಿಎಲ್‌ಐ ಅಂತಿರುವ ಯೋಜನೆಗೆ 2025-26 ಕೊನೆಯ ಆರ್ಥಿಕ ವರ್ಷ. ದೆಹಲಿಯ ಒಂದು ಕಡತದ ತಾರೀಕಿಗೂ ನಮ್ಮ ನರಸಾಪುರ, ವೇಮಗಲ್, ಮಾಲೂರು ಕಡೆಯ ಬಾಡಿಗೆ ಮನೆ, ಹೋಟೆಲ್, ದಿನಸಿ ಅಂಗಡಿ, ಆಟೋ ಸ್ಟ್ಯಾಂಡಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ, ಅದೂ ನೇರವಾಗಿಯೇ ಇದೆ.

ವಿದೇಶಿ ಕಂಪನಿ ಬಂತು ಅಂದ ತಕ್ಷಣ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ಸರ್ಕಾರ ತಂದಿತು’. ಇನ್ನೊಂದು, ‘ಅವರಿಗೇನಪ್ಪ, ಲಾಭ ಮಾಡ್ಕೊಂಡು ಹೋಗ್ತಾರೆ’. ನರಸಾಪುರದ ಐಫೋನ್ ಕಾರ್ಖಾನೆಯ ಕಥೆ ನೋಡಿದರೆ ಎರಡೂ ಅರ್ಧ ಸತ್ಯ. ಸರ್ಕಾರದ ನೀತಿ ಲಾಭಕ್ಕೆ ಬಾಗಿಲು ತೆಗೆಯುತ್ತದೆ, ಅದಕ್ಕೊಂದು ಅವಧಿಯನ್ನೂ ಬರೆದಿಡುತ್ತದೆ. ಆದರೆ ಆ ಬಾಗಿಲಲ್ಲಿ ಒಳಗೆ ಹೋದವರೆಲ್ಲ ಗೆಲ್ಲುವುದಿಲ್ಲ. ಒಂದೇ ಶೆಡ್ಡು, ಒಂದೇ ಯೋಜನೆ, ಒಂದೇ ಗಿರಾಕಿ ಇಟ್ಟುಕೊಂಡು ಒಂದು ಕಂಪನಿ ಮಾರಿ ಹೋಯಿತು, ಇನ್ನೊಂದು ಬಂದು ಅಲ್ಲೇ ಬೆಳೆಯಿತು. ಯಾಕೆ ಹೀಗಾಯಿತು ಅನ್ನೋದು ನಮಗೂ ಗೊತ್ತಿರಬೇಕಾದ ವಿಷಯ.

ಮೊದಲು ನೀತಿ ಅಂದ್ರೆ ಏನು?

ವಿದೇಶಿ ಹೂಡಿಕೆ ನೀತಿ ಅಂದರೆ ಒಂದೇ ಕಾನೂನಲ್ಲ. ನಮ್ಮ ಜಿಲ್ಲೆಯ ಮಟ್ಟಿಗೆ ನಾಲ್ಕು ಸಂಗತಿ ಮುಖ್ಯ.

ಒಂದು, ಯಾರು ಬರಬಹುದು ಅನ್ನುವ ನಿಯಮ. ತಯಾರಿಕಾ ವಲಯದಲ್ಲಿ ಶೇ 100ರಷ್ಟು ವಿದೇಶಿ ಬಂಡವಾಳಕ್ಕೆ ಸಾಮಾನ್ಯವಾಗಿ ಮುಂಚಿತ ಅನುಮತಿ ಬೇಕಿಲ್ಲ. ಆದರೆ 2020ರ ಏಪ್ರಿಲ್ 17ರಂದು ಕೇಂದ್ರ ಸರ್ಕಾರ ‘ಪ್ರೆಸ್ ನೋಟ್ 3’ ಹೊರಡಿಸಿತು. ಭಾರತದ ಜೊತೆ ಭೂಗಡಿ ಇರುವ ದೇಶಗಳಿಂದ ಬರುವ ಬಂಡವಾಳಕ್ಕೆ ಸರ್ಕಾರದ ಒಪ್ಪಿಗೆ ಕಡ್ಡಾಯ ಅಂತ ಅದು ಹೇಳಿತು. ದೇಶದ ಹೆಸರು ಬರೆದಿರಲಿಲ್ಲ, ಆದರೆ ಗುರಿ ಚೀನಾ ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಎರಡು, ಬಂದವರಿಗೆ ಏನು ಕೊಡುತ್ತೇವೆ ಅನ್ನುವುದು. 2020ರ ಏಪ್ರಿಲ್ 1ರಂದು ಪ್ರಕಟವಾದ ಪಿಎಲ್‌ಐ ಯೋಜನೆಗೆ ಸುಮಾರು 40,951 ಕೋಟಿ ರೂಪಾಯಿ ಎತ್ತಿಟ್ಟರು. 2019-20ರ ಮಾರಾಟವನ್ನು ಆಧಾರವಾಗಿಟ್ಟುಕೊಂಡು, ಅದಕ್ಕಿಂತ ಹೆಚ್ಚು ಎಷ್ಟು ಮಾರುತ್ತೀರೋ ಆ ಹೆಚ್ಚುವರಿಗೆ ಮೊದಲ ಎರಡು ವರ್ಷ ಶೇ 6, ಆಮೇಲಿನ ಎರಡು ವರ್ಷ ಶೇ 5, ಕೊನೆಯ ವರ್ಷ ಶೇ 4 ಪ್ರೋತ್ಸಾಹಧನ. ಪ್ರತಿ ವರ್ಷವೂ ಇಷ್ಟು ಹೂಡಿಕೆ, ಇಷ್ಟು ಮಾರಾಟ ಅಂತ ಗುರಿ ಮುಟ್ಟಬೇಕು. ಮುಟ್ಟದಿದ್ದರೆ ಆ ವರ್ಷದ ಹಣ ಇಲ್ಲ.

ಮೂರು, ಆಮದು ಸುಂಕ. ಹೊರಗಿನಿಂದ ತಂದ ಫೋನಿಗೆ 2018ರ ಹೊತ್ತಿಗೆ ಶೇ 20 ಸುಂಕ ಇತ್ತು. 2024ರ ಜುಲೈ ಬಜೆಟ್‌ನಲ್ಲಿ ಅದನ್ನು ಶೇ 15ಕ್ಕೆ ಇಳಿಸಿದರು. ತಂದು ಮಾರೋದಕ್ಕಿಂತ ಇಲ್ಲೇ ಜೋಡಿಸಿ ಮಾರೋದು ಅಗ್ಗ ಆಗಬೇಕು ಅನ್ನೋದು ಇದರ ಲೆಕ್ಕ.

ನಾಲ್ಕು, ಅಂಗಡಿ ತೆಗೆಯುವ ನಿಯಮ. ಒಂದೇ ಬ್ರ್ಯಾಂಡಿನ ಮಾಲು ಮಾರುವ ವಿದೇಶಿ ಕಂಪನಿ ಇಲ್ಲಿ ಸ್ವಂತ ಅಂಗಡಿ ತೆಗೆಯಬೇಕಾದರೆ, ವಿದೇಶಿ ಪಾಲು ಶೇ 51 ದಾಟಿದಾಗ ಶೇ 30ರಷ್ಟು ಖರೀದಿ ಭಾರತದಲ್ಲೇ ಆಗಿರಬೇಕು ಅಂತ ಷರತ್ತಿತ್ತು. 2019ರ ಆಗಸ್ಟ್‌ನಲ್ಲಿ ಅದನ್ನು ಸಡಿಲಿಸಿ, ರಫ್ತಿಗಾಗಿ ಇಲ್ಲಿ ಮಾಡಿಸಿದ ಮಾಲನ್ನೂ ಆ ಶೇ 30ಕ್ಕೆ ಸೇರಿಸಿಕೊಳ್ಳಬಹುದು ಅಂದರು. ಅಂಗಡಿ ತೆಗೆಯುವ ಮೊದಲೇ ಆನ್‌ಲೈನ್ ಮಾರಾಟಕ್ಕೂ ಅವಕಾಶ ಸಿಕ್ಕಿತು. ಆಪಲ್ 2020ರ ಸೆಪ್ಟೆಂಬರ್‌ನಲ್ಲಿ ಆನ್‌ಲೈನ್ ಅಂಗಡಿ ತೆರೆಯಿತು, 2023ರ ಏಪ್ರಿಲ್‌ನಲ್ಲಿ ಮುಂಬೈ, ದೆಹಲಿಯಲ್ಲಿ, 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೆಬ್ಬಾಳದ ಬಳಿ ಸ್ವಂತ ಮಳಿಗೆ ತೆರೆಯಿತು. ಅಂದರೆ ನರಸಾಪುರದಲ್ಲಿ ಜೋಡಿಸಿದ ಫೋನ್ ವಿದೇಶಕ್ಕೆ ಹೋದರೂ, ಆ ಲೆಕ್ಕ ಹೆಬ್ಬಾಳದ ಶೋರೂಮಿನ ಅನುಮತಿಗೆ ನೆರವಾಗುವ ಹಾಗೆ ನಿಯಮ ಬದಲಾಯಿತು. ಒಂದು ನೀತಿ ಇನ್ನೊಂದಕ್ಕೆ ಹೇಗೆ ಗಂಟು ಹಾಕಿಕೊಳ್ಳುತ್ತದೆ ನೋಡಿ.

ಶೇ 6 ಅಂದ್ರೆ ಸಣ್ಣದಾ, ದೊಡ್ಡದಾ?

ಅಂಗಡಿಯವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಐಫೋನ್ ಅಂದ ತಕ್ಷಣ ಭಾರೀ ಲಾಭ ಅಂದುಕೊಳ್ಳುತ್ತೇವೆ. ಆ ಭಾರೀ ಲಾಭ ಇರೋದು ಆಪಲ್‌ಗೆ. ನೂರು ರೂಪಾಯಿ ಮಾರಾಟದಲ್ಲಿ ತಯಾರಿಕೆ ಖರ್ಚು ಕಳೆದು ನಲವತ್ತು ರೂಪಾಯಿಗೂ ಮೇಲೆ ಅದರ ಕೈಯಲ್ಲಿ ಉಳಿಯುತ್ತದೆ. ಫೋನ್ ಜೋಡಿಸುವ ಕಂಪನಿಯ ಕಥೆ ಬೇರೆ. ಜಗತ್ತಿನ ಅತಿ ದೊಡ್ಡ ಜೋಡಣೆ ಕಂಪನಿ ಫಾಕ್ಸ್‌ಕಾನ್‌ಗೇ ನೂರು ರೂಪಾಯಿ ವಹಿವಾಟಿಗೆ ಒಟ್ಟು ಲಾಭ ಆರು ರೂಪಾಯಿ ಆಸುಪಾಸು. ಎಲ್ಲ ಖರ್ಚು, ತೆರಿಗೆ ಕಳೆದರೆ ಉಳಿಯೋದು ಎರಡು ರೂಪಾಯಿ ಚಿಲ್ಲರೆ. ದಿನಸಿ ಅಂಗಡಿಯಲ್ಲಿ ಎಣ್ಣೆ, ಸಕ್ಕರೆ ಮಾರಿದ ಹಾಗೆ: ವಹಿವಾಟು ದೊಡ್ಡದು, ಮಾರ್ಜಿನ್ ತೆಳ್ಳಗೆ.

ಈಗ ಶೇ 6ರ ತೂಕ ನೋಡಿ. ಕಾರ್ಖಾನೆಯಿಂದ ಹೊರಬರುವಾಗ ಒಂದು ಫೋನಿನ ಬೆಲೆ 40 ಸಾವಿರ ಅಂತ ಇಟ್ಟುಕೊಳ್ಳೋಣ. ಅದು ‘ಹೆಚ್ಚುವರಿ ಮಾರಾಟ’ದ ಲೆಕ್ಕಕ್ಕೆ ಬಂದರೆ ಸರ್ಕಾರದ ಪ್ರೋತ್ಸಾಹಧನ 2,400 ರೂಪಾಯಿ. ಶೇ 4 ಆದರೆ 1,600. ಜೋಡಣೆ ಕಂಪನಿ ತನ್ನ ಕೆಲಸದಿಂದ ಉಳಿಸಿಕೊಳ್ಳುವ ನಿವ್ವಳ ಲಾಭಕ್ಕಿಂತ ಇದೇ ಜಾಸ್ತಿ ಆಗಬಹುದು. ಹೊಸ ದೇಶದಲ್ಲಿ ಕಾರ್ಖಾನೆ ಕಟ್ಟಿದಾಗ ಆಗುವ ಹೆಚ್ಚುವರಿ ಖರ್ಚು, ಅಂದರೆ ಬಿಡಿಭಾಗ ವಿಮಾನದಲ್ಲಿ ತರಿಸೋದು, ಹೊಸಬರಿಗೆ ಕೆಲಸ ಕಲಿಸೋದು, ಮೊದಮೊದಲು ಹಾಳಾಗುವ ಮಾಲು, ಕರೆಂಟು, ಸಾಗಣೆ, ಇದೆಲ್ಲವನ್ನು ಈ ದುಡ್ಡು ತುಂಬಿಕೊಡುತ್ತದೆ. ಯೋಜನೆಯ ಉದ್ದೇಶವೂ ಅದೇ.

ಇನ್ನೊಂದು ಮಾತು. ಹಣ ಬರೋದು ಜೋಡಣೆ ಕಂಪನಿಯ ಖಾತೆಗೆ. ಆದರೆ ಮುಂದಿನ ಆರ್ಡರಿನ ದರ ಮಾತಾಡುವಾಗ ಎದುರು ಕೂತಿರುವ ದೊಡ್ಡ ಗಿರಾಕಿಗೆ ಈ ಹಣದ ವಿಷಯ ಗೊತ್ತಿರುತ್ತದೆ. ‘ನಿಮಗೆ ಸರ್ಕಾರ ಕೊಡುತ್ತಲ್ಲ, ನಮಗೆ ರೇಟ್ ಇಳಿಸಿ’ ಅನ್ನುವ ಒತ್ತಡ ಯಾವ ವ್ಯಾಪಾರದಲ್ಲಿಯೂ ಸಹಜ. ಆದ್ದರಿಂದ ಸಬ್ಸಿಡಿ ಪೂರ್ತಿ ಕಾರ್ಖಾನೆಯಲ್ಲೇ ಉಳಿಯುತ್ತದೆ ಅಂತ ಭಾವಿಸಬೇಕಿಲ್ಲ.

2020: ಗುರಿಯ ಓಟ, ಸಂಬಳದ ಗೋಳು

ತೈವಾನಿನ ವಿಸ್ಟ್ರಾನ್ ಕಂಪನಿ 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಜೋಡಣೆ ಶುರು ಮಾಡಿತು. ಭಾರತದಲ್ಲಿ ಐಫೋನ್ ಜೋಡಿಸಿದ್ದು ಅದೇ ಮೊದಲು. ಆಮೇಲೆ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ 43 ಎಕರೆಯಲ್ಲಿ ದೊಡ್ಡ ಘಟಕ ಕಟ್ಟಿ 2020ರಲ್ಲಿ ಉತ್ಪಾದನೆ ಆರಂಭಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಿಎಲ್‌ಐಗೆ ಆಯ್ಕೆಯಾದ ಕಂಪನಿಗಳ ಪಟ್ಟಿಯಲ್ಲಿ ಸ್ಯಾಮ್‌ಸಂಗ್, ಫಾಕ್ಸ್‌ಕಾನ್, ಪೆಗಾಟ್ರಾನ್ ಜೊತೆ ವಿಸ್ಟ್ರಾನ್ ಕೂಡ ಇತ್ತು.

ಇಲ್ಲಿಂದ ಗಡಿಯಾರ ಓಡಲು ಶುರುವಾಯಿತು. 15 ಸಾವಿರ ರೂಪಾಯಿಗಿಂತ ಮೇಲ್ಪಟ್ಟ ಬೆಲೆಯ ಫೋನ್ ಮಾಡುವ ಕಂಪನಿಗಳಿಗೆ ಮೊದಲ ವರ್ಷದ ಗುರಿ 4,000 ಕೋಟಿ ರೂಪಾಯಿ ಹೆಚ್ಚುವರಿ ಮಾರಾಟ. ಕೋವಿಡ್ ಲಾಕ್‌ಡೌನಿನಲ್ಲಿ ಅರ್ಧ ವರ್ಷ ಆಗಲೇ ಕಳೆದಿತ್ತು. ಕಾರ್ಖಾನೆಯಲ್ಲಿ ಜನ ತುಂಬಿದರು. ಸುಮಾರು 5,000 ಇದ್ದ ಕೆಲಸಗಾರರ ಸಂಖ್ಯೆ ಸ್ವಲ್ಪ ಸಮಯದಲ್ಲೇ 10,500ಕ್ಕೆ ಏರಿತ್ತು ಅಂತ ಕಾರ್ಖಾನೆಗಳ ಇಲಾಖೆಯ ಪರಿಶೀಲನೆ ಆಮೇಲೆ ಹೇಳಿತು. ಬಹುಪಾಲು ನೇಮಕ ಗುತ್ತಿಗೆ ಏಜೆನ್ಸಿಗಳ ಮೂಲಕ. ಅಕ್ಟೋಬರ್‌ನಿಂದ ಶಿಫ್ಟ್ 12 ಗಂಟೆಗೆ ಬದಲಾಯಿತು. ಹಾಜರಾತಿ ಯಂತ್ರ ಸರಿಯಾಗಿ ಲೆಕ್ಕ ಹಿಡಿಯಲಿಲ್ಲ. ಮಾಡಿದ ಕೆಲಸಕ್ಕೂ ಕೈಗೆ ಬಂದ ಸಂಬಳಕ್ಕೂ ತಾಳೆ ಆಗಲಿಲ್ಲ ಅನ್ನುವುದು ಕೆಲಸಗಾರರ ದೂರು.

2020ರ ಡಿಸೆಂಬರ್ 12ರ ಬೆಳಗ್ಗೆ ಏನಾಯಿತು ಅಂತ ಈ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಗಾಜು ಒಡೆಯಿತು, ಗಾಡಿಗಳು ಮಗುಚಿ ಬಿದ್ದವು, ಬೆಂಕಿ ಹತ್ತಿತು, ನೂರಕ್ಕೂ ಹೆಚ್ಚು ಜನರ ಬಂಧನ ಆಯಿತು. ಕಂಪನಿ ಮೊದಲು ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ಅಂತ ಇತ್ತು. ಆಮೇಲೆ ತೈವಾನಿನಲ್ಲಿ ಕೊಟ್ಟ ಅಂದಾಜು ಅದಕ್ಕಿಂತ ತುಂಬಾ ಕಡಿಮೆ, 26ರಿಂದ 52 ಕೋಟಿ ರೂಪಾಯಿ ಒಳಗೆ. ಒಂದು ವಾರದಲ್ಲಿ ವಿಸ್ಟ್ರಾನ್ ತಪ್ಪು ಒಪ್ಪಿಕೊಂಡಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಕೆಲಸದ ಅವಧಿ ನಿರ್ವಹಣೆ ಸರಿಯಿಲ್ಲ, ಅಕ್ಟೋಬರ್-ನವೆಂಬರ್ ಸಂಬಳ ಕೆಲವರಿಗೆ ತಡವಾಗಿದೆ ಅಂತ ಆಪಲ್ ಹೇಳಿ, ಸರಿಪಡಿಸುವವರೆಗೆ ಹೊಸ ಆರ್ಡರ್ ಇಲ್ಲ ಅಂತ ‘ಪ್ರೊಬೇಷನ್’ನಲ್ಲಿ ಇಟ್ಟಿತು.

ಈ ಅವಸರಕ್ಕೆ ಪಿಎಲ್‌ಐ ಗಡುವೊಂದೇ ಕಾರಣ ಅಂತ ಹೇಳಿದರೆ ಅನ್ಯಾಯ. ಹೊಸ ಮಾಡೆಲ್‌ಗೆ ಬೇಡಿಕೆ ಇತ್ತು, ಗಿರಾಕಿಯ ಒತ್ತಡ ಇತ್ತು. ಆದರೆ ವರ್ಷದೊಳಗೆ ಇಷ್ಟು ಮಾರಿದರೆ ಮಾತ್ರ ದುಡ್ಡು ಅನ್ನುವ ಯೋಜನೆ, ನಿಧಾನವಾಗಿ ಬೆಳೆಯುವ ಕಂಪನಿಯನ್ನು ಪ್ರೋತ್ಸಾಹಿಸುವುದಿಲ್ಲ. ಮಾರಾಟದ ಲೆಕ್ಕ ಕೇಳುವ ಯೋಜನೆಯಲ್ಲಿ ಸಂಬಳದ ಚೀಟಿಯ ಲೆಕ್ಕ ಕೇಳುವ ಕಲಂ ಇರಲಿಲ್ಲ. ಅದನ್ನು ನೋಡಬೇಕಿದ್ದದ್ದು ಬೇರೆ ಇಲಾಖೆ, ಬೇರೆ ಸರ್ಕಾರ.

ಕೊನೆಗೆ ಆ ಓಟದಿಂದಲೂ ಹೆಚ್ಚು ಜನಕ್ಕೆ ಫಲ ಸಿಗಲಿಲ್ಲ. ಮೊದಲ ವರ್ಷದ ಗುರಿ ಮುಟ್ಟಿದ್ದು ಸ್ಯಾಮ್‌ಸಂಗ್ ಮಾತ್ರ. ಉಳಿದವರ ಮನವಿ ಕೇಳಿ ಸರ್ಕಾರ 2021ರಲ್ಲಿ ಯೋಜನೆಯನ್ನು ಒಂದು ವರ್ಷ ಮುಂದಕ್ಕೆ ಎಳೆಯಿತು. ಕೊನೆಯ ವರ್ಷ 2025-26 ಆಗಿದ್ದು ಹಾಗೆ. ಅಂದರೆ ಗಡುವು ಬಗ್ಗುವಂಥದ್ದೇ ಆಗಿತ್ತು. ಅದು ಮೊದಲೇ ಗೊತ್ತಿದ್ದರೆ ಡಿಸೆಂಬರ್ ತಿಂಗಳಲ್ಲಿ ಅಷ್ಟು ಓಡಬೇಕಿತ್ತಾ ಅನ್ನೋದು ಉಳಿದಿರುವ ಪ್ರಶ್ನೆ.

ಒಬ್ಬರು ಸೋತಲ್ಲಿ ಇನ್ನೊಬ್ಬರು ಹೇಗೆ ನಿಂತರು?

2021ರಲ್ಲಿ ಕಾರ್ಖಾನೆ ಮತ್ತೆ ತೆರೆಯಿತು. ಆದರೂ 2023ರ ಅಕ್ಟೋಬರ್ 27ರಂದು ವಿಸ್ಟ್ರಾನ್ ತನ್ನ ಭಾರತದ ಘಟಕವನ್ನು ಪೂರ್ತಿಯಾಗಿ ಟಾಟಾ ಎಲೆಕ್ಟ್ರಾನಿಕ್ಸ್‌ಗೆ 12.5 ಕೋಟಿ ಡಾಲರಿಗೆ, ಆಗಿನ ಲೆಕ್ಕದಲ್ಲಿ ಸುಮಾರು 1,040 ಕೋಟಿ ರೂಪಾಯಿಗೆ ಮಾರಲು ಒಪ್ಪಿತು. ಆಪಲ್ ಕೊಡುವ ದರದಲ್ಲಿ ಗಿಟ್ಟುತ್ತಿಲ್ಲ ಅನ್ನುವ ವರದಿಗಳು ಆಗ ಬಂದಿದ್ದವು. ವಿಸ್ಟ್ರಾನ್ 2020ರಲ್ಲೇ ಚೀನಾದ ಕುನ್‌ಶಾನ್ ನಗರದಲ್ಲಿದ್ದ ಐಫೋನ್ ಘಟಕವನ್ನೂ ಲಕ್ಸ್‌ಶೇರ್ ಅನ್ನುವ ಚೀನಾ ಕಂಪನಿಗೆ ಮಾರಲು ಒಪ್ಪಂದ ಮಾಡಿಕೊಂಡಿತ್ತು. ತೆಳ್ಳಗಿನ ಮಾರ್ಜಿನಿನ ಈ ಕೆಲಸದಿಂದಲೇ ಅದು ಹಿಂದೆ ಸರಿಯುತ್ತಿತ್ತು. ಪಿಎಲ್‌ಐ ಕೂಡ ಅದನ್ನು ಹಿಡಿದು ನಿಲ್ಲಿಸಲಿಲ್ಲ.

ಟಾಟಾಗೆ ಲೆಕ್ಕ ಬೇರೆ ಇತ್ತು. ಮಾಲೂರು ದಾಟಿ ಹೋದರೆ ಸಿಗುವ ಹೊಸೂರು ಭಾಗದಲ್ಲಿ ಅದು ಆಗಲೇ ಐಫೋನಿನ ಹೊರಕವಚ ತಯಾರಿಸುತ್ತಿತ್ತು. ಬಿಡಿಭಾಗ ಮಾಡುವವನೇ ಜೋಡಣೆಯನ್ನೂ ಮಾಡಿದರೆ ಎರಡು ಕಡೆಯ ಲಾಭವೂ ಒಂದೇ ಜೇಬಿಗೆ. ಇನ್ನೊಂದು, ಭಾರತೀಯ ಕಂಪನಿಯೊಂದು ಈ ಕೆಲಸ ಕಲಿಯಬೇಕು ಅನ್ನುವುದು ಸರ್ಕಾರದ ಆಸೆಯೂ ಆಗಿತ್ತು. ಮಾರಾಟದ ಸುದ್ದಿಯನ್ನು ಆಗಿನ ಕೇಂದ್ರದ ಐಟಿ ರಾಜ್ಯ ಸಚಿವ ರಾಜೀವ್ ಚಂದ್ರಶೇಖರ್ ಅವರೇ ಮೊದಲು ಹೇಳಿದ್ದು ಇದಕ್ಕೆ ಸಾಕ್ಷಿ. 2025ರ ಜನವರಿಯಲ್ಲಿ ಪೆಗಾಟ್ರಾನ್‌ನ ತಮಿಳುನಾಡು ಘಟಕದ ಶೇ 60 ಪಾಲನ್ನೂ ಟಾಟಾ ಕೊಂಡಿತು.

ಹಾಗಾದರೆ ಪಾಠ ಏನು? ನೀತಿ ಇಬ್ಬರಿಗೂ ಒಂದೇ ಇತ್ತು. ವ್ಯತ್ಯಾಸ ಮಾಡಿದ್ದು ಮೂರು: ಲಾಭ ಎಲ್ಲಿ ಹುಟ್ಟುತ್ತದೆ, ಜನರನ್ನು ಹೇಗೆ ನೋಡಿಕೊಳ್ಳುತ್ತಾರೆ, ಎಷ್ಟು ವರ್ಷ ಕಾಯುವ ಶಕ್ತಿ ಇದೆ. ಸಬ್ಸಿಡಿ ಈ ಮೂರಕ್ಕೂ ಬದಲಿ ಆಗುವುದಿಲ್ಲ.

ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತಡೆದರೆ

ಪಿಎಲ್‌ಐ ಬನ್ನಿ ಅಂತ ಕರೆಯಿತು. ಅದೇ ತಿಂಗಳು ಬಂದ ಪ್ರೆಸ್ ನೋಟ್ 3 ಚೀನಾದ ಬಿಡಿಭಾಗ ತಯಾರಕರನ್ನು ಬಾಗಿಲಲ್ಲೇ ನಿಲ್ಲಿಸಿತು. ಆಪಲ್‌ಗೆ ಬಿಡಿಭಾಗ ಪೂರೈಸುವವರಲ್ಲಿ ದೊಡ್ಡ ಪಾಲು ಚೀನಾ ಕಂಪನಿಗಳದ್ದು. ಗಡಿಯ ಭದ್ರತೆಯ ದೃಷ್ಟಿಯಿಂದ ನಿರ್ಬಂಧಕ್ಕೆ ಕಾರಣ ಇದ್ದೇ ಇದೆ. 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಹುತಾತ್ಮರಾದ ಮೇಲೆ ಅದನ್ನು ಸಡಿಲಿಸುವ ಮಾತೇ ಇರಲಿಲ್ಲ. ಆದರೆ ವ್ಯಾಪಾರದ ಲೆಕ್ಕದಲ್ಲಿ ಇದಕ್ಕೊಂದು ಬೆಲೆ ಇದೆ. ಬಿಡಿಭಾಗ ಹೊರಗಿನಿಂದ ಬರುತ್ತದೆ, ಇಲ್ಲಿ ಜೋಡಣೆ ಆಗುತ್ತದೆ, ಮತ್ತೆ ಹೊರಗೆ ಹೋಗುತ್ತದೆ. 2023ರ ಆರಂಭದಲ್ಲಿ ಹತ್ತಕ್ಕೂ ಹೆಚ್ಚು ಚೀನಾ ಪೂರೈಕೆದಾರರಿಗೆ ಭಾರತೀಯ ಪಾಲುದಾರರ ಜೊತೆ ಬರುವುದಾದರೆ ಬನ್ನಿ ಅಂತ ಪ್ರಾಥಮಿಕ ಒಪ್ಪಿಗೆ ಸಿಕ್ಕಿದ ವರದಿ ಬಂತು.

ಇದರ ಪರಿಣಾಮ ನಮ್ಮ ಕಣ್ಣೆದುರೇ ಇದೆ. ಅದೇ ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರ್ ಕಾರ್ಖಾನೆ ನಡೆಯುತ್ತಿದೆ. ದ್ವಿಚಕ್ರ ವಾಹನದ ಬಿಡಿಭಾಗ ಬಹುಪಾಲು ದೇಶದಲ್ಲೇ ತಯಾರಾಗುತ್ತದೆ. ಹಾಗಾಗಿ ದೊಡ್ಡ ಕಾರ್ಖಾನೆಯ ಸುತ್ತ ಸೀಟು, ಪ್ಲಾಸ್ಟಿಕ್, ವೆಲ್ಡಿಂಗ್, ಪೇಂಟಿಂಗ್ ಅಂತ ಸಣ್ಣಪುಟ್ಟ ಘಟಕಗಳಿಗೆ, ಲಾರಿಯವರಿಗೆ ಕೆಲಸ ಇರುತ್ತದೆ. ಮೊಬೈಲ್ ಕಾರ್ಖಾನೆಯಿಂದ ಅಂಥ ಸಣ್ಣ ಘಟಕಗಳಿಗೆ ಬರುವ ಕೆಲಸ ಕಡಿಮೆ. ಊರಿಗೆ ಬರೋದು ಮುಖ್ಯವಾಗಿ ಸಂಬಳದ ದುಡ್ಡು. ಸಂಬಳ ನಿಂತರೆ ಎಲ್ಲವೂ ನಿಲ್ಲುತ್ತದೆ.

ನೀತಿ ಅನ್ನೋದು ನಮ್ಮ ಸರ್ಕಾರದ್ದು ಮಾತ್ರ ಅಲ್ಲ ಅನ್ನೋದೂ ಈಗ ಗೊತ್ತಾಗಿದೆ. 2025ರ ಜುಲೈನಲ್ಲಿ ಫಾಕ್ಸ್‌ಕಾನ್ ತನ್ನ ಭಾರತದ ಕಾರ್ಖಾನೆಗಳಿಂದ ಮುನ್ನೂರಕ್ಕೂ ಹೆಚ್ಚು ಚೀನಾ ಎಂಜಿನಿಯರ್‌ಗಳನ್ನು ವಾಪಸ್ ಕಳಿಸಿದ ವರದಿ ಬಂತು. ತಂತ್ರಜ್ಞಾನ, ಯಂತ್ರ, ನುರಿತ ಜನ ಹೊರಗೆ ಹೋಗದಂತೆ ಚೀನಾ ಬಿಗಿ ಮಾಡುತ್ತಿದೆ ಅನ್ನುವ ವಿಶ್ಲೇಷಣೆ ಇದರ ಹಿಂದೆ ಇತ್ತು. ಆ ಕಡೆ ಅಮೆರಿಕ ಅಧ್ಯಕ್ಷ ಟ್ರಂಪ್ 2025ರ ಮೇ ತಿಂಗಳಲ್ಲಿ ದೋಹಾದಲ್ಲಿ, ಆಪಲ್ ಭಾರತದಲ್ಲಿ ಕಾರ್ಖಾನೆ ಕಟ್ಟೋದು ತನಗೆ ಬೇಕಿಲ್ಲ ಅಂತ ಬಹಿರಂಗವಾಗಿ ಹೇಳಿದರು. ಆಗಸ್ಟ್‌ನಲ್ಲಿ ಭಾರತದ ಮಾಲಿನ ಮೇಲೆ ಶೇ 50 ಸುಂಕ ಬಿತ್ತು. ಸ್ಮಾರ್ಟ್‌ಫೋನಿಗೆ ವಿನಾಯಿತಿ ಸಿಕ್ಕಿತು. ಆ ಒಂದು ವಿನಾಯಿತಿಯ ಸಾಲು ಇಲ್ಲದೇ ಇದ್ದಿದ್ದರೆ ನರಸಾಪುರದ ಶಿಫ್ಟ್ ಬಸ್ಸುಗಳ ಸಂಖ್ಯೆ ಏನಾಗುತ್ತಿತ್ತೋ ಊಹಿಸಿ.

ಹಾಗಂತ ನೀತಿ ಫಲ ಕೊಟ್ಟಿಲ್ಲವಾ?

ಕೊಟ್ಟಿದೆ. ದೇಶದ ಸ್ಮಾರ್ಟ್‌ಫೋನ್ ರಫ್ತು 2022-23ರಲ್ಲಿ 1,096 ಕೋಟಿ ಡಾಲರ್ ಇತ್ತು. 2023-24ರಲ್ಲಿ 1,557 ಕೋಟಿ, 2024-25ರಲ್ಲಿ 2,414 ಕೋಟಿ ಡಾಲರಿಗೆ ಏರಿತು. ಎರಡೇ ವರ್ಷದಲ್ಲಿ ದುಪ್ಪಟ್ಟಿಗಿಂತ ಹೆಚ್ಚು. 2025ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಬಹುಪಾಲು ಭಾರತದಿಂದಲೇ ಬರಲಿವೆ ಅಂತ ಆಪಲ್ ಮುಖ್ಯಸ್ಥ ಟಿಮ್ ಕುಕ್ ಹೇಳಿದರು. 2017ರಲ್ಲಿ ಪೀಣ್ಯದ ಒಂದು ಸಣ್ಣ ಲೈನಿನಿಂದ ಶುರುವಾದದ್ದು ಇಲ್ಲಿಗೆ ಬಂದಿದೆ. ದೇವನಹಳ್ಳಿ ಬಳಿ 300 ಎಕರೆಯಲ್ಲಿ ಫಾಕ್ಸ್‌ಕಾನ್ ಘಟಕವೂ ಎದ್ದಿದೆ. ಇದನ್ನು ಚಿಕ್ಕದು ಅನ್ನೋಕಾಗಲ್ಲ.

ಆದರೆ ಅದೇ ನೀತಿಯ ಕೆಳಗೆ ಎಲ್ಲ ಕಾರ್ಖಾನೆಯೂ ಉಳಿಯುತ್ತದೆ ಅಂತ ನಂಬಿ ಕೂರಲೂ ಆಗಲ್ಲ. ಸ್ವೀಡನ್ನಿನ ಸ್ಕೇನಿಯಾ 2015ರಲ್ಲಿ ಇದೇ ನರಸಾಪುರದಲ್ಲಿ ಬಸ್ ಘಟಕ ಉದ್ಘಾಟಿಸಿ, ಕೆಲವೇ ವರ್ಷಗಳಲ್ಲಿ ಬಸ್ ತಯಾರಿಕೆ ನಿಲ್ಲಿಸಿತು.

ಇನ್ನೂ ಹಳೆಯ ಉದಾಹರಣೆ ಬೇಕಾದರೆ ಕೆಜಿಎಫ್ ಇದೆ. 1880ರಲ್ಲಿ ಬ್ರಿಟನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಚಿನ್ನದ ಗಣಿಗೆ ಕಾಲಿಟ್ಟಿತು. ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸಿ 1902ರಲ್ಲಿ ಮೊದಲು ಕೊಟ್ಟಿದ್ದು ಕೆಜಿಎಫ್‌ಗೆ. ಬೆಂಗಳೂರಿನ ಬೀದಿ ದೀಪಕ್ಕೆ ಅದು ಬಂದದ್ದು ಆಮೇಲೆ. ಸರ್ಕಾರ ಸವಲತ್ತು ಕೊಟ್ಟು ವಿದೇಶಿ ಕಂಪನಿಯ ಲಾಭಕ್ಕೆ ದಾರಿ ಮಾಡೋದು ನಮ್ಮ ಜಿಲ್ಲೆಗೆ ಹೊಸದಲ್ಲ ಅಂತಾಯಿತು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು, 2001ರ ಫೆಬ್ರುವರಿ 28ರಂದು ಮುಚ್ಚಿತು. ಗಣಿಯೊಂದನ್ನೇ ನಂಬಿದ್ದ ಊರು ಆಮೇಲೆ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೂಲಿಗೆ ಹೊರಟಿತು. ಚಿನ್ನದ ಕಂಪನಿಗಳ ಲಾಭ ಎಷ್ಟಿತ್ತು ಅನ್ನೋದು ಇವತ್ತು ಊರಿನವರಿಗೆ ಮುಖ್ಯ ಅಲ್ಲ. ಲಾಭ ಇದ್ದಾಗ ಊರಿನಲ್ಲಿ ಬೇರೆ ಏನು ಬೆಳೆಯಿತು ಅನ್ನೋದೇ ಮುಖ್ಯ.

ಪಿಎಲ್‌ಐ ಆದ ಮೇಲೆ ಏನು?

ಮೊಬೈಲ್ ಪಿಎಲ್‌ಐ ಮುಗಿದ ಮರುದಿನವೇ ಕಾರ್ಖಾನೆಗೆ ಬೀಗ ಬೀಳುತ್ತದೆ ಅಂತ ಯಾರೂ ಹೆದರಬೇಕಿಲ್ಲ. ಇಷ್ಟು ಬಂಡವಾಳ ಹಾಕಿದವರು, ಇಷ್ಟು ಆರ್ಡರ್ ಇರುವವರು ಅಷ್ಟು ಸುಲಭಕ್ಕೆ ಎದ್ದು ಹೋಗುವುದಿಲ್ಲ. ಆದರೆ ತೆಳ್ಳಗಿನ ಮಾರ್ಜಿನಿನಿಂದ ಶೇ 4 ಕಳೆದರೆ ಆ ಜಾಗವನ್ನು ಎಲ್ಲಿಂದಾದರೂ ತುಂಬಬೇಕು. ಕೆಲಸದ ವೇಗ ಹೆಚ್ಚಿಸಬೇಕು, ಇಲ್ಲ ಯಂತ್ರ ಹೆಚ್ಚಿಸಿ ಜನ ಕಡಿಮೆ ಮಾಡಬೇಕು, ಇಲ್ಲ ಬಿಡಿಭಾಗ ಇಲ್ಲೇ ಅಗ್ಗಕ್ಕೆ ಮಾಡಿಸಬೇಕು. ಕೊನೆಯದು ನಮಗೆ ಒಳ್ಳೆಯದು.

ಕೇಂದ್ರವೂ ಆ ದಿಕ್ಕಿಗೆ ತಿರುಗಿದೆ. 2025ರ ಮಾರ್ಚ್ 28ರಂದು 22,919 ಕೋಟಿ ರೂಪಾಯಿಯ ಎಲೆಕ್ಟ್ರಾನಿಕ್ಸ್ ಬಿಡಿಭಾಗ ತಯಾರಿಕಾ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಡಿಸ್‌ಪ್ಲೇ ಮಾಡ್ಯೂಲ್, ಕ್ಯಾಮೆರಾ ಮಾಡ್ಯೂಲ್, ಸರ್ಕಿಟ್ ಬೋರ್ಡ್, ಹೊರಕವಚ ಇಂಥವು ಅದರಲ್ಲಿ ಬರುತ್ತವೆ. ಪ್ರೋತ್ಸಾಹಧನದ ಒಂದು ಭಾಗವನ್ನು ಉದ್ಯೋಗದ ಗುರಿಗೆ ಕಟ್ಟಿದ್ದಾರೆ ಅನ್ನೋದು ಇದರಲ್ಲಿ ಹೊಸದು. 2020ರಲ್ಲಿ ಇಲ್ಲದ ಕಲಂ ಇದು.

ಅಂಗಡಿ, ಬಾಡಿಗೆ ಮನೆ ನಡೆಸುವವರು ಗಮನಿಸಬೇಕಾದ್ದು

ಕಂಪನಿಯ ಬ್ಯಾಲೆನ್ಸ್ ಶೀಟ್ ಓದಲು ನಮಗೆ ಪುರುಸೊತ್ತು ಇರಲ್ಲ. ಆದರೆ ಕಣ್ಣಿಗೆ ಕಾಣುವ ಕೆಲವು ಗುರುತುಗಳಿವೆ.

1. ನೇಮಕ ಯಾರ ಹೆಸರಲ್ಲಿ? ಕಂಪನಿಯ ಸ್ವಂತ ರೋಲ್‌ನಲ್ಲಿ ತೆಗೆದುಕೊಳ್ಳುತ್ತಿದ್ದಾರೋ, ಏಜೆನ್ಸಿ ಮೂಲಕ ಮೂರು-ನಾಲ್ಕು ತಿಂಗಳಿಗೆ ತೆಗೆದುಕೊಳ್ಳುತ್ತಿದ್ದಾರೋ ನೋಡಿ. ಏಜೆನ್ಸಿ ನೇಮಕ ಸೀಸನ್‌ಗೆ ಏರುತ್ತದೆ, ಸೀಸನ್ ಮುಗಿದರೆ ಇಳಿಯುತ್ತದೆ. ಅಂಗಡಿಯಲ್ಲಿ ಸಾಲದ ಪುಸ್ತಕ ಬರೆಯುವವರಿಗೆ ಈ ವ್ಯತ್ಯಾಸ ದೊಡ್ಡದು.

2. ವಸತಿ ಎಲ್ಲಿ? 2024ರ ಜುಲೈ ಬಜೆಟ್‌ನಲ್ಲಿ ಕೈಗಾರಿಕಾ ಕಾರ್ಮಿಕರಿಗೆ ಡಾರ್ಮಿಟರಿ ಮಾದರಿಯ ಬಾಡಿಗೆ ವಸತಿಯನ್ನು ಸರ್ಕಾರಿ-ಖಾಸಗಿ ಸಹಭಾಗಿತ್ವದಲ್ಲಿ ಕಟ್ಟುವ ಘೋಷಣೆ ಇತ್ತು. ಕಾರ್ಮಿಕರಿಗೆ, ಅದರಲ್ಲೂ ದೂರದಿಂದ ಬರುವ ಹೆಣ್ಣುಮಕ್ಕಳಿಗೆ ಅದು ಒಳ್ಳೆಯದೇ. ಆದರೆ ಬ್ಯಾಂಕ್ ಸಾಲ ಮಾಡಿ ಮೂರು ಮಹಡಿ ಪೀಜಿ ಕಟ್ಟುವ ಮೊದಲು, ದೊಡ್ಡ ಡಾರ್ಮಿಟರಿ ಹತ್ತಿರದಲ್ಲಿ ಬರುತ್ತಿದೆಯಾ ಅಂತ ವಿಚಾರಿಸಿಕೊಳ್ಳಿ.

3. ಬಿಡಿಭಾಗದ ಘಟಕ ಬರುತ್ತಿದೆಯಾ? ವೇಮಗಲ್, ನರಸಾಪುರ, ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ಒಂದು ದೊಡ್ಡ ಬೋರ್ಡಿಗಿಂತ ಹತ್ತು ಸಣ್ಣ ಬೋರ್ಡು ನಮ್ಮ ವ್ಯಾಪಾರಕ್ಕೆ ಗಟ್ಟಿ. ದೊಡ್ಡವರು ಒಂದೇ ಸಹಿಯಲ್ಲಿ ಮಾರಿ ಹೋಗಬಹುದು. ಹತ್ತು ಜನ ಒಟ್ಟಿಗೆ ಹೋಗೋದು ಕಷ್ಟ.

4. ಹೊರಗಿನ ಸುದ್ದಿ. ಅಮೆರಿಕದ ಸುಂಕದಲ್ಲಿ ಸ್ಮಾರ್ಟ್‌ಫೋನ್ ವಿನಾಯಿತಿ ಉಳಿದಿದೆಯಾ, ಚೀನಾ ಬಂಡವಾಳದ ನಿಯಮ ಸಡಿಲ ಆಯಿತಾ, ಈ ಎರಡು ಸುದ್ದಿ ಟೀವಿಯಲ್ಲಿ ಬಂದಾಗ ಚಾನೆಲ್ ಬದಲಿಸಬೇಡಿ.

ಕೇಳಬೇಕಾದವರನ್ನು ಕೇಳೋಣ

ರಾಜ್ಯ ಸರ್ಕಾರದ ಪಾಲೂ ಇದರಲ್ಲಿದೆ. 2023ರ ಫೆಬ್ರುವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆ ಶಿಫ್ಟ್‌ಗೆ, ಮಹಿಳೆಯರ ರಾತ್ರಿ ಪಾಳಿಗೆ ಅವಕಾಶ ಮಾಡಿದರು. ಕಂಪನಿಗಳಿಗೆ ಬೇಕಿದ್ದ ನಿಯಮ ಬೇಗ ಬಂತು. ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಇತರೆ ಹುದ್ದೆಗಳಲ್ಲಿ ಶೇ 70 ಮೀಸಲು ಅನ್ನುವ ಮಸೂದೆಗೆ 2024ರ ಜುಲೈನಲ್ಲಿ ಸಂಪುಟ ಒಪ್ಪಿಗೆ ಸಿಕ್ಕರೂ, ಉದ್ಯಮಿಗಳ ವಿರೋಧ ಬಂದ ಕೂಡಲೇ ತಡೆಹಿಡಿದರು. ಮೀಸಲು ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ. ಆದರೆ ಒಂದು ಕಡೆ ಬೇಗ, ಇನ್ನೊಂದು ಕಡೆ ತಡ ಯಾಕೆ ಅಂತ ಶಾಸಕರನ್ನು, ಸಂಸದರನ್ನು ಕೇಳುವ ಹಕ್ಕು ಜಮೀನು ಕೊಟ್ಟ ಜಿಲ್ಲೆಗೆ ಇದೆ.

ಕೇಳಬೇಕಾದ ಪ್ರಶ್ನೆಗಳು ದೊಡ್ಡವೇನಲ್ಲ. ಸವಲತ್ತು ಪಡೆದ ಪ್ರತಿ ಕಂಪನಿಯಲ್ಲಿ ನಮ್ಮ ಜಿಲ್ಲೆಯವರು ಎಷ್ಟು ಜನ, ಅದರಲ್ಲಿ ಕಾಯಂ ಎಷ್ಟು? ಗುತ್ತಿಗೆ ಏಜೆನ್ಸಿಗಳು ಪ್ರತಿ ತಿಂಗಳು ಯಾವ ತಾರೀಕಿಗೆ ಸಂಬಳ ಹಾಕುತ್ತಿವೆ ಅಂತ ಕಾರ್ಮಿಕ ಇಲಾಖೆ ನೋಡುತ್ತಿದೆಯಾ, ಇಲ್ಲ ಇನ್ನೊಂದು ಡಿಸೆಂಬರ್ 12 ಆದ ಮೇಲೆ ನೋಡುತ್ತದಾ? ನಮ್ಮ ಐಟಿಐ, ಡಿಪ್ಲೊಮಾ ಕಾಲೇಜುಗಳಲ್ಲಿ ಬಿಡಿಭಾಗ ತಯಾರಿಕೆಗೆ ಬೇಕಾದ ತರಬೇತಿ ಶುರುವಾಗಿದೆಯಾ? ಬಿಡಿಭಾಗದ ಹೊಸ ಯೋಜನೆಯಲ್ಲಿ ಕೋಲಾರಕ್ಕೆ ಎಷ್ಟು ಘಟಕ ತರಲು ಪ್ರಯತ್ನ ನಡೆದಿದೆ?

ಕಂಪನಿಗೆ ಲಾಭ ಆಗೋದು ತಪ್ಪಲ್ಲ. ಲಾಭ ಇಲ್ಲದ ಕಂಪನಿ ಸಂಬಳ ಕೊಡೋದಿಲ್ಲ, ಅದನ್ನೂ ನೋಡಿದ್ದೇವೆ. ಸರ್ಕಾರ ನಮ್ಮ ತೆರಿಗೆ ದುಡ್ಡಿನಲ್ಲಿ ಆ ಲಾಭಕ್ಕೆ ಐದು-ಆರು ವರ್ಷ ಊರುಗೋಲು ಕೊಟ್ಟಿದೆ. ಊರುಗೋಲು ತೆಗೆಯುವ ಹೊತ್ತು ಬಂದಿದೆ. ಈಗ ನಿಂತು ನಡೆಯಬೇಕಾದ್ದು ಕಾರ್ಖಾನೆ ಮಾತ್ರ ಅಲ್ಲ, ಅದನ್ನು ನಂಬಿ ಸಾಲ ಮಾಡಿ ಶಟರ್ ಎತ್ತಿರುವ ನಮ್ಮ ಬೀದಿಯೂ ಹೌದು.